ಕಂಚಿನ ಕಾಸಿನ ಮೇಲಣ ದೇವರು

ರೋಮ್ ಚಕ್ರವರ್ತಿಯ ಚಿನ್ನದ ನಾಣ್ಯವನ್ನು ಬಡವನು ಕಾಣುವುದು ಅಪೂರ್ವವಾಗಿದ್ದಿತು. ಪೇಟೆಯಲ್ಲಿ ರೊಟ್ಟಿಯನ್ನೂ ಎಣ್ಣೆಯನ್ನೂ ಕೊಳ್ಳುವವನ ಕೈಯಲ್ಲಿ ಓಡಾಡುತ್ತಿದ್ದುದು ಕಂಚಿನ ಕಾಸು. ಆದಕಾರಣ ಅರಸನು ಪ್ರಜೆಗಳಿಗೆ ಏನನ್ನು ಹೇಳಬಯಸಿದನೆಂಬುದನ್ನು ಅರಿಯಬೇಕಾದರೆ ಈ ಕ್ಷುದ್ರ ನಾಣ್ಯಗಳನ್ನೇ ತಿರುವಿ ನೋಡಬೇಕು.

ಕಾನ್‌ಸ್ಟಂಟೈನನು ಕ್ರಿ.ಶ. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಮ್ಯಾಕ್ಸೆಂಟಿಯಸನನ್ನು ಗೆದ್ದನು. ಆ ಜಯವು ಕ್ರಿಸ್ತನ ಅನುಗ್ರಹದಿಂದ ದೊರೆತುದೆಂದು ಕ್ರೈಸ್ತ ಇತಿಹಾಸಕಾರರು ಬರೆದಿರುವರು. ಮರುವರ್ಷವೇ ಕ್ರೈಸ್ತರಿಗೆ ನಿರ್ಭಯವಾಗಿ ಉಪಾಸನೆ ನಡೆಸುವ ಸ್ವಾತಂತ್ರ್ಯವು ಲಭಿಸಿತು. ಆದರೆ ಅವನ ಕಾಸುಗಳು ಬೇರೊಂದನ್ನು ನುಡಿಯುತ್ತವೆ. ಸುಮಾರು 318ರವರೆಗೂ ಅವುಗಳ ಹಿಂಬದಿಯಲ್ಲಿ ಬಹುವಾಗಿ ಕಾಣುವವನು ಕಿರಣಗಳನ್ನೇ ಕಿರೀಟವಾಗಿ ಧರಿಸಿದ ಸೂರ್ಯದೇವನು. ಬಲಗೈಯನ್ನೆತ್ತಿ, ಎಡಗೈಯಲ್ಲಿ ಭೂಗೋಲವನ್ನು ಹಿಡಿದಿರುವನು. ಸುತ್ತಲಿನ ಲೇಖದ ಅರ್ಥವು ‘ಅಜೇಯನೂ ಸಹಚರನೂ ಆದ ಸೂರ್ಯನಿಗೆ’ ಎಂದು. ಇದನ್ನು ಕಪಟವೆನ್ನುವವರುಂಟು, ನನಗೆ ಹಾಗೆ ತೋರದು. ಅವನ ಸೈನಿಕರಲ್ಲಿ ಬಹುಮಂದಿ ಹಳೆಯ ದೇವತೆಗಳ ಭಕ್ತರು. ಅವರ ಖಡ್ಗವನ್ನು ನಂಬಿದ ಅರಸನು ಅವರ ದೇವರನ್ನು ಒಂದೇ ದಿನದಲ್ಲಿ ತೊರೆಯುವುದೆಂತು?

ಸೂರ್ಯನು ಮರೆಯಾದ ಮೇಲೆ ಆ ಸ್ಥಾನಕ್ಕೆ ಕ್ರಿಸ್ತನ ಚಿಹ್ನೆಯು ಒಡನೆಯೇ ಬರಲಿಲ್ಲ. ಕೋಟೆಯ ಬಾಗಿಲು, ಹೂಮಾಲೆ, ಜಯಲಕ್ಷ್ಮಿ ಇವು ಬಂದುವು. ಸುಮಾರು 330ರಿಂದ ‘ಸೇನೆಯ ಕೀರ್ತಿ’ ಎಂಬ ಲೇಖವುಳ್ಳ ಕಾಸು ಹೊರಟಿತು: ಈಟಿ ಗುರಾಣಿಗಳನ್ನು ಹಿಡಿದ ಇಬ್ಬರು ಭಟರು, ನಡುವೆ ಎರಡು ಧ್ವಜಗಳು. ಐದಾರು ವರ್ಷಗಳಲ್ಲಿ ಕಾಸಿನ ತೂಕವು ಇಳಿದು ಅಗಲವೂ ಕುಗ್ಗಿತು. ಎರಡು ಧ್ವಜಗಳಿದ್ದೆಡೆಯಲ್ಲಿ ಒಂದೇ ಉಳಿಯಿತು. ಕೀರ್ತಿಯ ಲೇಖ ಮಾತ್ರ ಹಾಗೆಯೇ ಇದ್ದಿತು!

ಇದಕ್ಕೊಂದು ಅಪವಾದವುಂಟು. ಸುಮಾರು 327ರಲ್ಲಿ ಕಾನ್‌ಸ್ಟಂಟಿನೋಪಲಿನ ಟಂಕಸಾಲೆಯಿಂದ ಹೊರಟ, ಈಗ ಬಲು ವಿರಳವಾದ ಕಾಸೊಂದರಲ್ಲಿ, ಕ್ರಿಸ್ತನಾಮದ ಮೊದಲ ಎರಡು ಗ್ರೀಕ್ ಅಕ್ಷರಗಳನ್ನು ಶಿರದಲ್ಲಿ ಧರಿಸಿದ ಧ್ವಜವು ಸರ್ಪವನ್ನು ಇರಿಯುತ್ತಿದೆ. ಆ ಸರ್ಪವು 324ರಲ್ಲಿ ಸೋತ ಲಿಸಿನಿಯಸನೇ ಎಂದು ಕೆಲವು ವಿದ್ವಾಂಸರ ಮತ.

337ರಲ್ಲಿ ಚಕ್ರವರ್ತಿಯು ಮೃತನಾದನು. ಸಾಯುವ ಮುನ್ನ ದೀಕ್ಷಾಸ್ನಾನವನ್ನು ಪಡೆದಿದ್ದವನಿಗೆ, ಮಕ್ಕಳು ಹೊರಡಿಸಿದ ಕಾಸಿನಲ್ಲಿ ‘ದಿವುಸ್’ ಎಂಬ ಹಳೆಯ ಬಿರುದು ದೊರೆಯಿತು. ದೈವತ್ವಕ್ಕೇರಿದ ಅರಸರಿಗೆ ಸಲ್ಲುತ್ತಿದ್ದ ಆ ಶಬ್ದವೂ ನಮ್ಮ ‘ದೇವ’ ಶಬ್ದವೂ ಒಂದೇ ಮೂಲದವು. ಹಿಂಬದಿಯಲ್ಲಿ ಅವನು ನಾಲ್ಕು ಕುದುರೆಗಳ ರಥದಲ್ಲಿ ಮೇಲಕ್ಕೇರುತ್ತಿರುವನು. ಆಕಾಶದಿಂದ ಹಸ್ತವೊಂದು ಅವನತ್ತ ಚಾಚಿದೆ. ಬಿಷಪ್ ಯೂಸೀಬಿಯಸನು ಈ ಕಾಸನ್ನು ತನ್ನ ಗ್ರಂಥದಲ್ಲಿ ವರ್ಣಿಸಿರುವನು; ಆಕ್ಷೇಪಣೆಯ ಮಾತೊಂದನ್ನೂ ಸೇರಿಸಿಲ್ಲ. ಕ್ರೈಸ್ತನಿಗೆ ಅಲ್ಲಿ ಅಗ್ನಿರಥವನ್ನೇರಿದ ಪ್ರವಾದಿ ಎಲೀಯನು ನೆನಪಾಗಿರಬಹುದು. ಅವನಿಗೆ ಎಣ್ಣೆ ಮಾರಿದ ಹಳೆಯ ಮತದವನಿಗೆ ಅದೇ ರಥವು ಸೂರ್ಯನದಾಗಿ ಕಂಡಿರಬಹುದು.