ಮಗು ತಾನೇ ಸಹಿ ಹಾಕಿ ಹೊರಬರಬಹುದೇ?

ಪ್ರವಾಸಿ ಹಡಗು ಹತ್ತಿದ ಮೊದಲ ದಿನ ಮಕ್ಕಳ ಕ್ಲಬ್ಬಿನ ಮೇಜಿನ ಬಳಿ ತಂದೆತಾಯಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ನಿಮ್ಮ ಮಗು ತಾನೇ ಸಹಿ ಹಾಕಿ ಹೊರಗೆ ಹೋಗಲು ನಿಮ್ಮ ಒಪ್ಪಿಗೆ ಇದೆಯೇ? ಬೆನ್ನ ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಮೇಲಿನ ಡೆಕ್ಕಿನಲ್ಲಿ ಊಟ ಸಿದ್ಧವಾಗಿರುತ್ತದೆ. ಒಪ್ಪಿಗೆಯೋ ನಿರಾಕರಣೆಯೋ, ಯೋಚಿಸದೆಯೇ ಬಾಯಿಗೆ ಬಂದುಬಿಡುತ್ತದೆ. ನನಗಂತೂ ಇಡೀ ಪ್ರಯಾಣದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ ಅನ್ನಿಸುತ್ತದೆ. ಅದನ್ನು ಮನೆಯಲ್ಲೇ, ಮಗುವನ್ನೂ ಕೂರಿಸಿಕೊಂಡು ತೆಗೆದುಕೊಳ್ಳಬೇಕು.

ಕ್ಲಬ್ಬುಗಳ ಏರ್ಪಾಡು ಹೆಚ್ಚುಕಡಿಮೆ ಒಂದೇ ಬಗೆಯದು. ರಾಯಲ್ ಕೆರಿಬಿಯನ್ ಹಡಗುಗಳ ಅಡ್ವೆಂಚರ್ ಓಷನ್‌ನಲ್ಲಿ ಮೂರು ವರ್ಷ ತುಂಬಿದ ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಗುಂಪು ಮಾಡುತ್ತಾರೆ; ಹದಿಹರೆಯದವರಿಗೆ ಬೇರೆ ಜಾಗ. ಚಿಕ್ಕವರನ್ನು ದೊಡ್ಡವರೇ ಬಿಟ್ಟು, ದೊಡ್ಡವರೇ ಕರೆದೊಯ್ಯಬೇಕು. ಸ್ವಲ್ಪ ದೊಡ್ಡ ಮಗು ತಂದೆತಾಯಿಯ ಒಪ್ಪಿಗೆಯಿದ್ದರೆ ತಾನೇ ಸಹಿ ಹಾಕಿ ಹೊರಬರಬಹುದು. ಡಿಸ್ನಿಯ ಹಡಗುಗಳಲ್ಲಿ ಎಂಟಕ್ಕೇ ಆ ಅವಕಾಶವಿದೆ. ಒಂದೊಂದು ಕಂಪನಿಗೆ ಒಂದೊಂದು ವಯಸ್ಸು ಎಂದ ಮೇಲೆ ಅದು ಆಡಳಿತದ ಅನುಕೂಲಕ್ಕೆ ಎಳೆದ ಗೆರೆ ಎನ್ನುವುದು ಸ್ಪಷ್ಟ. ಆ ಗೆರೆ ದಾಟಿದ ಮಾತ್ರಕ್ಕೆ ನಿಮ್ಮ ಮಗು ಸಿದ್ಧವಾಗಿದೆ ಎಂದಾಗುವುದಿಲ್ಲ.

ಹಾಗಾದರೆ ಒಪ್ಪಿಗೆ ಕೊಡಲೇಬಾರದೇ? ಕೊಡಬೇಕು ಎನ್ನುವವರ ಪಕ್ಷ ನನ್ನದು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ವೇಳೆಗೆ ಅದು ಶೇ. 9ಕ್ಕೆ ಕುಸಿದಿತ್ತು. ಇದನ್ನು ದಾಖಲಿಸಿದ ಸಂಶೋಧಕ ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು ಮುಖ್ಯವಾಗಿ ಬೊಟ್ಟುಮಾಡಿದ್ದು ವಾಹನಗಳತ್ತ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಗುವಿನ ಕಥೆಯೂ ಇದೇ. ಶಾಲೆಯ ವ್ಯಾನಿನಿಂದ ಗೇಟಿಗೆ, ಗೇಟಿನಿಂದ ಲಿಫ್ಟಿಗೆ. ಬೀದಿಯ ಮೂಲೆಯ ಅಂಗಡಿಗೆ ಒಬ್ಬನೇ ಹೋಗಿ ಬಂದ ಅನುಭವ ಹತ್ತು ವರ್ಷದವನಿಗೂ ಇರುವುದಿಲ್ಲ. ಹಡಗಿನಲ್ಲಿ ವಾಹನಗಳಿಲ್ಲ. ಕ್ಲಬ್ಬಿನಿಂದ ಊಟದ ಡೆಕ್ಕಿಗೆ ದಾರಿ ಹುಡುಕುವುದು, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರುವುದು, ದಾರಿ ತಪ್ಪಿದರೆ ಸಿಬ್ಬಂದಿಯನ್ನು ಕೇಳುವುದು, ಇವನ್ನೆಲ್ಲ ಕಲಿಯಲು ನಗರದ ಮಗುವಿಗೆ ಇಂಥ ಜಾಗ ಬೇರೆ ಸುಲಭವಾಗಿ ಸಿಗದು.

ಆದರೆ, ಸುತ್ತ ನೀರು, ಮಗು ಎಲ್ಲಿಗೆ ಹೋದೀತು ಎಂಬ ಧೈರ್ಯವನ್ನು ನಾನು ಒಪ್ಪಲಾರೆ. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್‌ನಲ್ಲಿ 20 ಡೆಕ್ಕುಗಳಿವೆ, ತುಂಬಿದಾಗ 7,600 ಪ್ರಯಾಣಿಕರು ಹಿಡಿಯುತ್ತಾರೆ. ಅದು ಒಂದು ಸಣ್ಣ ಪಟ್ಟಣ, ಅಲ್ಲಿರುವವರೆಲ್ಲ ಅಪರಿಚಿತರು. ಎಲ್ಲ ಕಂಪನಿಗಳೂ ಈಜುಕೊಳದ ಬಳಿ ಜೀವರಕ್ಷಕರನ್ನು ನಿಲ್ಲಿಸುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ, ತುರ್ತುಸ್ಥಿತಿಯಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮನ್ನು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮುಗಿಸುವುದು ಕಡ್ಡಾಯವಾಯಿತು. ಅಂಥ ಹೊತ್ತಿನಲ್ಲಿ ಕ್ಲಬ್ಬಿನಲ್ಲಿರುವ ಮಗುವನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಸಹಿ ಹಾಕಿ ಹೊರಬಂದ ಮಗುವಿನ ಹೊಣೆ ಅವರದಲ್ಲ. ತನ್ನ ಕುಟುಂಬ ಸೇರಬೇಕಾದ ಸ್ಥಳ ಯಾವುದೆಂದು, ಅದನ್ನು ಬರೆದಿರುವ ಕೈಪಟ್ಟಿ ನೋಡದೆ ಹೇಳಬಲ್ಲ, ಅಲ್ಲಿಗೆ ನಡೆದು ಹೋಗಬಲ್ಲ ಮಗುವಿಗೆ ಮಾತ್ರ ಒಪ್ಪಿಗೆ ಸಲ್ಲಬೇಕು. ಬೇರೆಯವರ ಕೋಣೆಗೆ ಕಾಲಿಡಬಾರದು, ಎಷ್ಟೇ ಪರಿಚಯವಾದರೂ. ಕಂಬಿ ಹತ್ತಬಾರದು. ಈಜುಕೊಳಕ್ಕೆ ಒಬ್ಬನೇ ಹೋಗಬಾರದು. ಈ ಮೂರರಲ್ಲಿ ಚೌಕಾಸಿಯಿಲ್ಲ.

ಮುಂಬೈಯಿಂದಲೋ ಸಿಂಗಪುರದಿಂದಲೋ ಹಡಗು ಹತ್ತುವ ನಮ್ಮ ಕುಟುಂಬಗಳು ಇನ್ನೂ ಮೂಲಭೂತವಾದ ಒಂದು ವಿಷಯ ಯೋಚಿಸಬೇಕು. ಬಹುತೇಕ ಕ್ಲಬ್ಬುಗಳಲ್ಲಿ ಮೂರು ವರ್ಷದ ಮಗುವಿಗೂ ಪ್ರವೇಶ ಉಂಟು, ಡೈಪರ್ ಬಿಟ್ಟಿರಬೇಕು ಅಷ್ಟೆ. ಆದರೆ ಶೌಚದ ನಂತರ ತೊಳೆಯಲು ಸಿಬ್ಬಂದಿ ಬರುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ಐದಾರು ವರ್ಷದವರೆಗೂ ಅಮ್ಮನೋ ಅಜ್ಜಿಯೋ ತೊಳೆಯುವ, ಬಾಯಿಗೆ ತುತ್ತಿಡುವ ಮನೆಯ ಮಗು ಅಲ್ಲಿ ದಿಕ್ಕೆಟ್ಟು ನಿಲ್ಲುತ್ತದೆ. ಸಸ್ಯಾಹಾರಿ ಮನೆಯ ಮಗು ತಟ್ಟೆಯಲ್ಲಿರುವುದೇನೆಂದು ಕೇಳಿ, ಬೇಡವಾದರೆ ಬೇಡ ಎನ್ನಬೇಕು, ಅದೂ ಇಂಗ್ಲಿಷಿನಲ್ಲಿ. ತನ್ನ ಹೊಟ್ಟೆನೋವನ್ನು ಅಪರಿಚಿತರಿಗೆ ಹೇಳಿಕೊಳ್ಳಲು ಬರಬೇಕು. ಇವು ಬಾರದ ಮಗುವಿನ ತಪ್ಪು ಎಳ್ಳಷ್ಟೂ ಇಲ್ಲ. ಪ್ರೀತಿಯಿಂದ ಎಲ್ಲವನ್ನೂ ನಾವೇ ಮಾಡಿಕೊಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಸ್ವತಂತ್ರನಾಗು ಎಂದರೆ ಅದು ಕೈಬಿಟ್ಟಂತೆಯೇ. ಟಿಕೆಟ್ ಕಾಯ್ದಿರಿಸಿದ ದಿನದಿಂದ ಹೊರಡುವವರೆಗೆ ಸಾಮಾನ್ಯವಾಗಿ ಕೆಲವು ತಿಂಗಳಿರುತ್ತವೆ. ಅಭ್ಯಾಸಕ್ಕೆ ಅಷ್ಟು ಸಾಕು.

ಇನ್ನು ಮಗುವೇ ಬೇಡ ಎಂದರೆ? ಬೇಡ ಎನ್ನುವುದೂ ಸ್ವಾತಂತ್ರ್ಯದ ಭಾಗ. ಅಳುವ ಮಗುವನ್ನು ಬಾಗಿಲಲ್ಲಿ ಬಿಟ್ಟು, ಎಲ್ಲ ಮಕ್ಕಳೂ ಹೀಗೇ ಕಲಿಯುವುದು ಎಂದು ಹೊರಟುಹೋಗುವವರು ತಮ್ಮ ವಿಶ್ರಾಂತಿಗೆ ಮಗುವಿನ ಹಿತದ ಹೆಸರು ಕೊಡುತ್ತಿದ್ದಾರೆ. ವಿಶ್ರಾಂತಿ ಬಯಸುವುದು ತಪ್ಪಲ್ಲ, ದಣಿದ ತಾಯಂದಿರಿಗೆ ಅದು ಬೇಕೇ ಬೇಕು; ಆದರೆ ಮಗುವಿಗೆ ನಿಜ ಹೇಳಿ. ಅರ್ಧ ಗಂಟೆ ಇದ್ದು ನೋಡು, ಇಷ್ಟವಾಗದಿದ್ದರೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟರೆ, ಆ ಮಾತು ಉಳಿಸಿಕೊಳ್ಳಿ.

ಹಾಗೆಯೇ, ಒಪ್ಪಿಗೆ ಕೊಟ್ಟ ಮೇಲೆ ಹಿಂದೆ ಹಿಂದೆ ಅಲೆಯಬೇಡಿ. ಫೋನಿನಲ್ಲಿ ಐದೈದು ನಿಮಿಷಕ್ಕೆ ವಿಚಾರಿಸುತ್ತಿದ್ದರೆ ಮಗುವಿಗೆ ತಿಳಿಯುವುದು ಒಂದೇ, ಅಪ್ಪ ಅಮ್ಮನಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು. ಮೊದಲ ದಿನ ಜೊತೆಯಲ್ಲೇ ದಾರಿ ನಡೆಯಿರಿ, ಎರಡನೆಯ ದಿನ ಮಗು ಮುಂದೆ ನೀವು ಹಿಂದೆ, ಆಮೇಲೆ ಸಹಿಯನ್ನು ಅದರ ಕೈಗೆ ಕೊಡಿ. ಊರಿಗೆ ಮರಳಿದ ಮೇಲೆ ಅದೇ ಮಗುವನ್ನು ಹಾಲು ತರಲು ಒಬ್ಬನನ್ನೇ ಕಳಿಸಿ.