ಡೈರಿಗೆ ಹೋಗುವ ಮೊದಲು ಒಂದು ಲೋಟ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಹಟ್ಟಿ ಕೆಲಸ ಅಮ್ಮಂದಿರದ್ದೇ. ಹಾಲು ಮಾತ್ರ ಡೈರಿಗೆ. ನನ್ನ ಅತ್ತೆ ಕುಡಿಯುವುದು ಹಾಲು ಹಾಕದ ಚಾ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಆಗ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಐಸಿಎಂಆರ್. ಗಂಜಿ, ಉಪ್ಪಿನಕಾಯಿಯಲ್ಲಿ ಅದು ಸಿಗದು. ಹಾಲು, ರಾಗಿ, ಎಳ್ಳು ಬೇಕು.

ಆಟಿಯ ಮಳೆಗೆ ಅಂಗಳ ಪಾಚಿ ಕಟ್ಟುತ್ತದೆ; ಜಾರಿ ಬಿದ್ದರೆ ಸವೆದ ಮೂಳೆ ಬೇಗ ಮುರಿಯುತ್ತದೆ. ಹಟ್ಟಿಯ ದಾರಿಗೆ ಅಡಿಕೆ ಸೋಗೆ ಹಾಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಬಿದ್ದು ಸೊಂಟ ಮುರಿದವರನ್ನು "ವಯಸ್ಸಾಯ್ತಲ್ಲ" ಎಂದು ಎಣ್ಣೆ ಹಚ್ಚಿ ಮಲಗಿಸುವುದು ಕಂಡರೆ ನನಗೆ ಸಿಟ್ಟು ಬರುತ್ತದೆ, ಚಿಕಿತ್ಸೆ ತಡವಾದಷ್ಟೂ ಅಪಾಯ. ಮಳೆಗೆ ಮೊದಲೇ ಅಡಿಕೆ ತೋಟದ ಬೋರ್ಡೋ ಸಿಂಪಡಣೆಗೆ ದಿನ ಗೊತ್ತುಮಾಡುವ ನಾವು, 65 ದಾಟಿದ ಅಮ್ಮನ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಗೂ ಒಂದು ದಿನ ತೆಗೆದಿಡೋಣ.