30ಕ್ಕೆ 28

ಪ್ರಿಯ ಮಕ್ಕಳೇ,

ಉತ್ತರಾಯಣ ಮುಗಿದರೂ ನಮ್ಮ ಟೌನ್‌ಶಿಪ್ಪಿನ ಬೇವಿನ ಮರದಲ್ಲಿ ಎರಡು ಗಾಳಿಪಟಗಳು ಇನ್ನೂ ನೇತಾಡುತ್ತಿವೆ. ಎಳ್ಳು ಬೆಲ್ಲ ಹಂಚುವ ನೆಪದಲ್ಲಿ ಬಂದ ಪಕ್ಕದ ಬ್ಲಾಕಿನ ಹುಡುಗಿಯೊಬ್ಬಳಿಂದಲೇ ಈ ಸಲದ ಮಾತು ಶುರುವಾಯಿತು. ಅವಳ ಹೆಸರು ಬರೆಯುವುದಿಲ್ಲ; ಬರೆದರೆ ಮುಂದಿನ ಸಂಕ್ರಾಂತಿಗೆ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ!

"ಆಂಟಿ, ಕಾಸ್ಟಿಂಗ್ ಇಂಟರ್ನಲ್‌ನಲ್ಲಿ 30ಕ್ಕೆ 28!" ಎಂದಳು. ಸಂತೋಷವಾಯಿತು. ಚಹಾ ಕೊಟ್ಟು ಕೇಳಿದೆ: "ನಾನು ಅಕ್ಕಿ ಹಪ್ಪಳ ಮಾಡಿ ಮಾರಬೇಕು ಅಂತಿದ್ದೇನೆ. ಒತ್ತುವ ಮೆಷಿನ್‌ಗೆ 1,200 ರೂಪಾಯಿ. ಎಷ್ಟು ಪ್ಯಾಕೆಟ್ ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತೆ, ಹೇಗೆ ಲೆಕ್ಕ ಹಾಕೋದು?" ಹುಡುಗಿ ಚಹಾದ ಲೋಟ ನೋಡಿದಳು, ಫ್ಯಾನು ನೋಡಿದಳು. ಆಮೇಲೆ ನಕ್ಕು, "ಅಸೈನ್‌ಮೆಂಟ್ ಸೀನಿಯರ್ ಹತ್ರ ಇತ್ತು ಆಂಟಿ. ಹೆಸರು ಬದಲಿಸಿ ಕೊಟ್ಟೆ. ಚಾಲ್ಶೆ!" ಎಂದಳು.

ಹಾಗಾದರೆ ಆ ಎರಡು ಮಾರ್ಕು ಹೋದದ್ದು ಯಾಕೆ? ಎರಡು ಸಲ ತಡವಾಗಿ ಕ್ಲಾಸಿಗೆ ಹೋಗಿದ್ದಳಂತೆ.

ನಗಬೇಡಿ. ನಾನೂ ಇಂಥದೇ ಪೈಕಿ. 1990ರಲ್ಲಿ ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿದವಳು ನಾನು. ಕೀಟ್ಸ್ ಕವಿಯ ನೈಟಿಂಗೇಲ್ ಮೇಲಿನ ಪದ್ಯಕ್ಕೆ ಗೈಡಿನ ಎಂಟು ಪುಟ ಬಾಯಿಪಾಠ ಮಾಡಿ, ವರ್ಷದ ಕೊನೆಗೆ ಮೂರು ಗಂಟೆಯಲ್ಲಿ ಇಳಿಸಿ ಬಂದೆ. ಎಲ್ಲೋ ಕೂತ ಯಾರೋ ಪುಣ್ಯಾತ್ಮರು ಮಾರ್ಕು ಹಾಕಿದರು. ಅವರಿಗೆ ನಾನು ಒಂದು ನಂಬರು, ನನಗೆ ಅವರು ಅದೂ ಅಲ್ಲ. ಒಬ್ಬ ಮೇಡಂ ಮಾತ್ರ ಮಧ್ಯದಲ್ಲಿ ಒಂದು ಪ್ರಬಂಧ ಬರೆಸಿದ್ದರು, ಲೆಕ್ಕಕ್ಕಿಲ್ಲದ್ದು. ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ, ಈ ವಾಕ್ಯಗಳು ನಿನ್ನವಲ್ಲ, ನಿನಗೆ ಏನನ್ನಿಸಿತು, ಮತ್ತೆ ಬರೆದು ತಾ ಎಂದು ಬರೆದು ಕೊಟ್ಟರು. ಹಾಸ್ಟೆಲಿಗೆ ಬಂದು ಅತ್ತೆ, ಅವರನ್ನು ಬೈದೆ. ಮಾರ್ಕಿಗೆ ಸೇರುವುದಿಲ್ಲವಲ್ಲ ಎಂದು ಮತ್ತೆ ಬರೆಯಲೇ ಇಲ್ಲ. ಮೂರು ವರ್ಷದಲ್ಲಿ ನನಗೆ ಏನು ಬಂತು, ಏನು ಬರಲಿಲ್ಲ ಎಂದು ಕೇಳಿದವರು ಅವರೊಬ್ಬರೇ.

ಈ ದೂರದ ಪರೀಕ್ಷಕನ ಪದ್ಧತಿ ಎಲ್ಲಿಂದ ಬಂತು ಗೊತ್ತೇ? 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ ತೆರೆದಾಗ ಲಂಡನ್ನಿನ ಮಾದರಿ ಇಟ್ಟುಕೊಂಡರು. ಪಾಠ ಹೇಳುವುದು ಕಾಲೇಜು, ಪರೀಕ್ಷೆ ಮಾಡುವುದು ವಿಶ್ವವಿದ್ಯಾಲಯ. ನಮ್ಮ ಧಾರವಾಡದ ಕರ್ನಾಟಕ ಕಾಲೇಜು 1917ರದು, ನಿಮ್ಮ ಸೂರತ್ತಿನ ಎಂ.ಟಿ.ಬಿ. ಕಾಲೇಜು 1918ರದು, ಎರಡೂ ಬೊಂಬಾಯಿಗೆ ಸೇರಿದ್ದವು. ನಮ್ಮ ಅಜ್ಜಂದಿರೂ ನಿಮ್ಮ ಗುಜರಾತಿ ಗೆಳೆಯರ ಅಜ್ಜಂದಿರೂ ಒಂದೇ ಬೊಂಬಾಯಿಯ ಪರೀಕ್ಷೆಗೆ ಹೆದರಿ ಬೆವರಿದವರು! 1949ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಮಾತ್ರ ಊರೂರಿನ ಕಾಲೇಜುಗಳನ್ನು ಕಟ್ಟಿಕೊಳ್ಳದೆ, ತಾನೇ ಪಾಠ ಹೇಳುವ ವಿಶ್ವವಿದ್ಯಾಲಯವಾಗಿ ಶುರುವಾಯಿತು. ಅದೇ ಹೊತ್ತಿಗೆ, 1948-49ರಲ್ಲಿ, ರಾಧಾಕೃಷ್ಣನ್ ಆಯೋಗ ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಹೇಳಿ ಎಂದರೆ ಪರೀಕ್ಷೆಯನ್ನೇ ಹೇಳುತ್ತೇವೆ ಎಂದಿತ್ತು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ನಾದಿನಿಯ ಮಗಳು ಅಲ್ಲಿನ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆ. ಕಡಿಮೆ ಫೀಸಿನ ಎರಡು ವರ್ಷದ ಕಾಲೇಜು. ಮುಗಿಸಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ಇಲ್ಲವೇ ಕೆಲಸಕ್ಕೆ. 1901ರಲ್ಲಿ ಶಿಕಾಗೋ ಹತ್ತಿರದ ಜೋಲಿಯೆಟ್ಟಿನಲ್ಲಿ ಇಂಥದು ಮೊದಲು ಹುಟ್ಟಿತು. "ಬುದ್ಧಿವಂತೆ, ಅಲ್ಲಿಗ್ಯಾಕೆ ಹಾಕಿದಿರಿ?" ಎಂದು ನಮ್ಮ ಕಡೆಯವರು ಮೂಗು ಮುರಿದದ್ದೂ ಆಯಿತು. ಫೋನಿನಲ್ಲಿ ಅವಳು ಹೇಳಿದ್ದು ಕೇಳಿ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ಮುಗಿಯುವ ಎರಡು ನಿಮಿಷ ಮುಂಚೆ ಟೀಚರು ಚೀಟಿ ಹಂಚುತ್ತಾರಂತೆ. ಈವತ್ತು ಮುಖ್ಯವಾಗಿ ಏನು ಕಲಿತೆ? ಏನು ಅರ್ಥವಾಗಲಿಲ್ಲ? ಹೆಸರು ಬರೆಯಬೇಕಿಲ್ಲ, ಮಾರ್ಕೂ ಇಲ್ಲ. ಒಂದು ದಿನ ಅರ್ಧ ಕ್ಲಾಸಿಗೆ ಮೀನ್‌ಗೂ ಮೀಡಿಯನ್‌ಗೂ ವ್ಯತ್ಯಾಸ ಗೊತ್ತಿಲ್ಲ ಎಂದು ಚೀಟಿಗಳಿಂದ ತಿಳಿಯಿತು. ಮರುದಿನ ಟೀಚರು, "ತಪ್ಪು ನನ್ನದು, ಬೇರೆ ಥರ ಹೇಳುತ್ತೇನೆ" ಎಂದು ಮತ್ತೆ ಪಾಠ ಮಾಡಿದರಂತೆ. ತಪ್ಪು ನನ್ನದು! ಇಷ್ಟು ವಯಸ್ಸಾಯಿತು, ನಾನು ಯಾವ ಮೇಷ್ಟರ ಬಾಯಲ್ಲೂ ಆ ಮಾತು ಕೇಳಿಲ್ಲ.

ಈ ಚೀಟಿಯ ಉಪಾಯವನ್ನು ಮೊದಲಿಗೆ ನಡೆಸಿದವರಲ್ಲಿ ಬರ್ಕ್ಲಿಯ ಭೌತಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಶ್ವಾರ್ಟ್ಸ್ ಒಬ್ಬರು. ಅದನ್ನು ಕಾಲೇಜು ಕಾಲೇಜಿಗೆ ಹಬ್ಬಿಸಿದ್ದು ಥಾಮಸ್ ಆಂಜೆಲೋ ಮತ್ತು ಪೆಟ್ರೀಶಿಯಾ ಕ್ರಾಸ್ ಬರೆದ ಕೈಪಿಡಿ. ಚೀಟಿ ಒಂದೇ ಅಲ್ಲ. ಈ ಕೋರ್ಸು ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂದು ಅದೇ ವಿಷಯದ ಅಧ್ಯಾಪಕರೆಲ್ಲ ಕೂತು ಬರೆಯಬೇಕು, ಮಕ್ಕಳ ಕೆಲಸವನ್ನು ಅದರ ಪಕ್ಕ ಇಟ್ಟು ನೋಡಬೇಕು, ಎಲ್ಲಿ ಸೋತರೋ ಅಲ್ಲಿ ಪಾಠ ಬದಲಿಸಬೇಕು. ಅಲ್ಲಿನ ಎರಡು ವರ್ಷದ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2002ರಿಂದ ಇದನ್ನು ಕಡ್ಡಾಯದ ಮಾತು ಮಾಡಿತು. ಕಡ್ಡಾಯವಾದ ಮೇಲೆ ಕಾಗದ ತುಂಬುವ ಕೆಲಸವೂ ಬೆಳೆಯಿತು ಎಂದು ಅಲ್ಲಿನ ಅಧ್ಯಾಪಕರು ಗೊಣಗುತ್ತಾರೆ. ಗೊಣಗಲಿ ಬಿಡಿ, ರಿಜಿಸ್ಟರು ಎಲ್ಲಿ ಇಲ್ಲ?

ನಮ್ಮಲ್ಲೂ ಯು.ಜಿ.ಸಿ. 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಕಮ್ಯುನಿಟಿ ಕಾಲೇಜಿನ ಯೋಜನೆ ತಂದಿತು. ಕೈಕೆಲಸದ ಭಾಗವನ್ನು ಆಯಾ ಉದ್ಯಮದ ಕೌಶಲ್ಯ ಮಂಡಳಿ, ಉಳಿದ ಪಾಠವನ್ನು ಕಾಲೇಜು, ವಿಶ್ವವಿದ್ಯಾಲಯಗಳೇ ಅಳೆಯುವ ಏರ್ಪಾಡು. ಅಷ್ಟು ದೂರ ಯಾಕೆ? ಅಹಮದಾಬಾದಿನಲ್ಲಿ ಬಾಲಕೃಷ್ಣ ದೋಶಿ 1962ರಲ್ಲಿ ಶುರುಮಾಡಿದ ಆರ್ಕಿಟೆಕ್ಚರ್ ಶಾಲೆ, ಈಗಿನ ಸೆಪ್ಟ್, ಅಲ್ಲಿ ಓದುವವರನ್ನು ಕೇಳಿ. ನಕ್ಷೆಯನ್ನು ಗೋಡೆಗೆ ಚುಚ್ಚಿ, ಗುರುಗಳ ಮುಂದೆ ನಿಂತು, ಈ ಮೆಟ್ಟಿಲು ಇಲ್ಲೇ ಯಾಕೆ ಎಂಬುದಕ್ಕೆ ಉತ್ತರ ಹೇಳಬೇಕು. ಅಲ್ಲಿ ಸೀನಿಯರ್‌ದು ಕಾಪಿ ಹೊಡೆದು ನಿಂತರೆ ಎರಡನೇ ಪ್ರಶ್ನೆಗೇ ಬಣ್ಣ ಬಯಲು!

"ಮೇಷ್ಟರಿಗೆ ನಮ್ಮನ್ನು ಕಂಡರೆ ಆಗದಿದ್ದರೆ?" ಎನ್ನುತ್ತೀರಿ. ಇದು ಸುಳ್ಳು ಭಯವಲ್ಲ. ಇಂಟರ್ನಲ್ ಮಾರ್ಕನ್ನು ಚಾಟಿಯ ಹಾಗೆ ಬೀಸಿದವರನ್ನೂ ನಾನು ಕಂಡಿದ್ದೇನೆ, ಪ್ರಸಾದದ ಹಾಗೆ ಹಂಚಿದವರನ್ನೂ ಕಂಡಿದ್ದೇನೆ. ಚಾಟಿ ಏಟಾದರೆ ಮನೆಯಲ್ಲಿ ಬಂದು ಹೇಳುತ್ತೀರಿ, ಅಪ್ಪ ಕಾಲೇಜಿಗೆ ಹೋಗಿ ಜಗಳ ಆಡುತ್ತಾರೆ. ಪ್ರಸಾದ ಸಿಕ್ಕಾಗ ಯಾರು ಜಗಳ ಆಡುತ್ತಾರೆ ಹೇಳಿ? ಅದಕ್ಕೇ ನನಗೆ ಆ 28ರ ಮೇಲೆ ಹೆಚ್ಚು ಸಿಟ್ಟು. 12 ಬಂದಿದ್ದರೆ ಹುಡುಗಿ ಕಾಸ್ಟಿಂಗ್ ಪುಸ್ತಕ ತೆರೆಯುತ್ತಿದ್ದಳು.

ಹುಡುಗಿಗೆ ಇದನ್ನೆಲ್ಲ ಹೇಳಿದೆ, ಪೆನ್ಸಿಲಿನ ಕಥೆಯನ್ನೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಎರಡು ದಿನ ಬಿಟ್ಟು ಕಾಗದ ಹಿಡಿದು ಬಂದಳು. ಅಕ್ಕಿ, ಜೀರಿಗೆ, ಕವರು ಸೇರಿ ಪ್ಯಾಕೆಟ್ಟಿಗೆ 30 ರೂಪಾಯಿ ಖರ್ಚು, 40ಕ್ಕೆ ಮಾರಿದರೆ 10 ಉಳಿತಾಯ, ಮೆಷಿನಿನ 1,200 ಹುಟ್ಟಲು 120 ಪ್ಯಾಕೆಟ್. "ಇದನ್ನು ನಿಮ್ಮ ಸರ್‌ಗೆ ತೋರಿಸು" ಎಂದೆ. "ಮಾರ್ಕು ಬಂದಾಗಿದೆಯಲ್ಲ ಆಂಟಿ?" ಎಂದಳು. ನಾನು ಸುಮ್ಮನೆ ನೋಡಿದೆ. ತೋರಿಸಿದಳಂತೆ. ಸರ್ ಮೊದಲು ಆಶ್ಚರ್ಯಪಟ್ಟು, ಆಮೇಲೆ ಕುರ್ಚಿ ಎಳೆದು ಕೂರಿಸಿ, "ಹಿಟ್ಟು ಬೇಯಿಸುವ ಗ್ಯಾಸು ಎಲ್ಲಿ?" ಎಂದು ಕೇಳಿದರಂತೆ. ನಾನೂ ಮರೆತಿದ್ದೆ ನೋಡಿ, ದಿನಾ ಒಲೆ ಮುಂದೆ ನಿಲ್ಲುವವಳು! ಪ್ಯಾಕೆಟ್ಟಿಗೆ 2 ರೂಪಾಯಿ ಗ್ಯಾಸು ಸೇರಿಸಿದರೆ ಉಳಿಯುವುದು 8. ಈಗ 150 ಪ್ಯಾಕೆಟ್ ಮಾರಬೇಕು. ಅಕ್ಕಿ ಹಪ್ಪಳ ಬೇಕಾದವರು ಮುಂದಿನ ಸಂಘದ ಸಭೆಗೆ ಬರುವಾಗ ಅಮ್ಮನ ಹತ್ತಿರ 40 ರೂಪಾಯಿ ಇಸಕೊಂಡು ಬನ್ನಿ.

ನಿಮ್ಮ,
ಹಜೀರಾ ಆಂಟಿ